ಖಾಲಿ ಹಾಳೆಯ ಸಹಿ

ಸಭೆಯ ಠರಾವು ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಮುಂಡರಗಿ ತಾಲೂಕಿನಲ್ಲಿ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಇದ್ದ ಮಾತು. ಪಕ್ಕದೂರಿನ ಬೀಜ-ಗೊಬ್ಬರದ ಸೊಸೈಟಿಯೊಂದರಲ್ಲಿ ಮೂವತ್ತೆಂಟು ವರ್ಷ ಸೆಕ್ರೆಟರಿಯಾಗಿದ್ದೆ. ಊರಿನ ಹೆಸರು ಬೇಡ, ಅಲ್ಲಿನವರೆಲ್ಲ ಇನ್ನೂ ಗಟ್ಟಿಯಾಗಿದ್ದಾರೆ. ತಪಾಸಣೆಗೆ ಬಂದ ಅಧಿಕಾರಿಗಳು ನನ್ನ ಠರಾವು ಪುಸ್ತಕ ತೆರೆದು, ಇದೇನು ವಿರೂಪಾಕ್ಷಪ್ಪನವರೇ, ಅಚ್ಚು ಹಾಕಿಸಿದ್ದೀರಾ ಎಂದು ಕೇಳುತ್ತಿದ್ದರು. ಅಂಥ ನಾನು ಅರವತ್ತಾರನೆಯ ವಯಸ್ಸಿನಲ್ಲಿ ಗದಗಿಗೆ ಹೋಗಿ, ಮೂರು ದೇಶದ ಮೂವರು ಪಂಚರ ಮುಂದೆ ತಲೆ ತಗ್ಗಿಸಿ ಕೂರಬೇಕಾಯಿತು. ಒಳ್ಳೆಯದೇ ಆಯಿತು ಎಂದು ಈಗ ಹೇಳುತ್ತೇನೆ. ಆಗ ಯಾರಾದರೂ ಹಾಗೆ ಅಂದಿದ್ದರೆ ಕೊಡೆ ತೆಗೆದುಕೊಂಡು ಹೊಡೆಯುತ್ತಿದ್ದೆ.

ನಮ್ಮೂರು ಕೊರ್ಲಹಳ್ಳಿ, ತುಂಗಭದ್ರೆಯ ದಂಡೆಯ ಮೇಲಿನದು. ಏಳು ವರ್ಷದ ಹಿಂದೆ ಹೊಳೆ ಕೆಳಗಿನ ಓಣಿಗೆ ನುಗ್ಗಿದ್ದು ಬೆಳಿಗ್ಗೆ. ಗದಗಿನಿಂದ ದೋಣಿ ಬಂದದ್ದು ಸಂಜೆ. ನಡುವಿನ ಅಷ್ಟೂ ಹೊತ್ತು ಕಸ್ತೂರೆವ್ವ ಎಂಬ ಹೆಣ್ಣುಮಗಳು ತನ್ನ ಅತ್ತೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಾಳಿಗೆಯ ಮೇಲೆ ಕುಳಿತಿದ್ದಳು. ದೋಣಿ ಬರುವ ಹೊತ್ತಿಗೆ ಅತ್ತೆಯ ಮೈ ತಣ್ಣಗಾಗಿತ್ತು. ದೋಣಿಯವರ ತಪ್ಪೇನಿಲ್ಲ, ಅವರು ಅರವತ್ತು ಕಿಲೋಮೀಟರ್ ಬರಬೇಕು, ಅದಕ್ಕೂ ಮೊದಲು ಮೂರು ಕಚೇರಿಗಳ ಅಪ್ಪಣೆ ಬೇಕು.

ಆ ನೀರು ಇಳಿದ ಮೇಲೆ ಬಂದವರು ಲ್ಯಾಂಟರ್ನ್ ರಿಲೀಫ್ ಎಂಬ ಸಂಸ್ಥೆಯವರು. ನಲವತ್ತು ದೇಶಗಳಲ್ಲಿ ಅವರ ಕೆಲಸ ಇದೆ. ಜೀಪಿನ ಮೇಲೆ ದೀಪದ ಚಿತ್ರ ಇದ್ದುದರಿಂದ ನಮ್ಮೂರಿಗೆ ಅವರು ಕಂದೀಲಿನವರು. ಹಮ್ಮಿಗಿಯಲ್ಲಿ, ಬೆಳ್ಳಟ್ಟಿಯಲ್ಲಿ, ಇನ್ನೂ ಕೆಲವು ಊರುಗಳಲ್ಲಿ ಸಮಿತಿ ಮಾಡಿದರು. ನಮ್ಮಲ್ಲಿ ಒಂದು ಗುದಾಮು ಕಟ್ಟಿ, ಅದರೊಳಗೆ ಎಂಜಿನ್ ಇರುವ ರಬ್ಬರ್ ದೋಣಿ, ಹಗ್ಗ, ತಾಡಪತ್ರಿ ಇಟ್ಟು, ಕೀಲಿಕೈಯನ್ನು ಊರಿಗೇ ಕೊಟ್ಟರು. ಅದು ದೊಡ್ಡ ಮಾತು. ಇಷ್ಟು ವರ್ಷಗಳಲ್ಲಿ ನಮ್ಮ ಕೈಗೆ ಕೀಲಿಕೈ ಕೊಟ್ಟ ದೊಡ್ಡವರನ್ನು ನಾನು ನೋಡಿರಲಿಲ್ಲ.

ಆದರೆ ಕಂದೀಲಿನವರಿಗೆ ನಿಯಮಗಳ ಹುಚ್ಚು. ಸಮಿತಿಗೆ ಒಂಬತ್ತು ಮಂದಿ ಬೇಕು. ಅಧ್ಯಕ್ಷೆ ನೀರಿನಲ್ಲಿ ಮನೆ ಕಳೆದುಕೊಂಡವಳೇ ಆಗಿರಬೇಕು, ಹಾಗಾಗಿ ಕಸ್ತೂರೆವ್ವ ಅಧ್ಯಕ್ಷೆಯಾದಳು. ಗುದಾಮಿನ ಬಾಗಿಲು ತೆರೆಯುವ ಮೊದಲು ಕನಿಷ್ಠ ಐದು ಮಂದಿ ಕೂಡಿ, ಚರ್ಚಿಸಿ, ಠರಾವು ಬರೆದು ಸಹಿ ಹಾಕಬೇಕು. ಪುಸ್ತಕದಲ್ಲಿ ಸುಳ್ಳು ಬರೆದದ್ದು ಕಂಡರೆ ಕೀಲಿಕೈ ಗದಗಿನ ಕಚೇರಿಗೆ ವಾಪಸ್ಸು ಹೋಗುತ್ತದೆ. ಇದನ್ನೆಲ್ಲ ಬೆಟಗೇರಿಯ ನೇಕಾರರ ಮಗಳು ವಿದ್ಯಾಶ್ರೀ, ಅವರ ಗದಗ ಕಚೇರಿಯವಳು, ಮೊದಲ ಸಭೆಯಲ್ಲಿ ಒಂದು ಗಂಟೆ ಓದಿ ಹೇಳಿದಳು. ಗಂಡಸರು ತೂಕಡಿಸಿದೆವು. ಪುಸ್ತಕ ಯಾರು ಬರೆಯುತ್ತಾರೆ ಎಂದು ಅವಳು ಕೇಳಿದಾಗ ಮಾತ್ರ ನಾನು ಎಚ್ಚರಾಗಿ ಕೈ ಚಾಚಿದೆ.

ಈಗ ನನ್ನ ಕಸುಬಿನ ಗುಟ್ಟೊಂದನ್ನು ಹೇಳಬೇಕು. ನಮ್ಮ ಕಡೆ ಎಷ್ಟೋ ಸಂಘಗಳಲ್ಲಿ ಸಹಿ ಮೊದಲು, ಸಭೆ ಆಮೇಲೆ. ಮಂದಿಗೆ ಬಿಡುವೆಲ್ಲಿದೆ? ಬಿತ್ತಿಗೆ ಬಂದರೆ ಹೊಲ, ಸುಗ್ಗಿ ಬಂದರೆ ಹೊಲ. ಹಾಗಾಗಿ ಕೆಲಸದ ದಿನಗಳು ಶುರುವಾಗುವ ಮುಂಚೆ ಸೆಕ್ರೆಟರಿಯಾದವನು ಪುಸ್ತಕ ಬಗಲಲ್ಲಿಟ್ಟುಕೊಂಡು ಮನೆ ಮನೆ ತಿರುಗಿ, ಎರಡು ಮೂರು ಖಾಲಿ ಹಾಳೆಗಳ ಬುಡದಲ್ಲಿ ಎಲ್ಲರ ಸಹಿ ತೆಗೆದುಕೊಂಡು ಬರುತ್ತಾನೆ. ಮುಂದೆ ಏನಾದರೂ ಆದಾಗ ಮೇಲಿನ ಖಾಲಿ ಜಾಗದಲ್ಲಿ ಠರಾವು ಬರೆದರಾಯಿತು. ಮೂವತ್ತೆಂಟು ವರ್ಷ ಹೀಗೇ ನಡೆಸಿದೆ. ಇದರಲ್ಲಿ ಮೋಸ ಇದೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅದು ನಂಬಿಕೆ ಎಂದು ತಿಳಿದಿದ್ದೆ.

ಕಳೆದ ಶ್ರಾವಣದಲ್ಲೂ ಹಾಗೇ ಮಾಡಿದೆ. ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ಶುರುವಾಗುವುದಿತ್ತು. ಮೂರು ಖಾಲಿ ಹಾಳೆ ತೋರಿಸಿ ಒಂಬತ್ತೂ ಮಂದಿಯ ಸಹಿ ಹಾಕಿಸಿಕೊಂಡೆ. ಕೆಳಗಿನ ಓಣಿಯ ಹುಚ್ಚವ್ವ ಕೈ ತೊಳೆದುಕೊಂಡು ಬಂದು ಸಹಿ ಮಾಡಿದಳು. ಅರವತ್ತರ ಮೇಲೆ ನನ್ನಿಂದಲೇ ಕಲಿತ ಸಹಿ ಅದು. ಬರೆದರೆ ಎರಡು ಸಾಲು ಬೇಕು, ಒತ್ತಕ್ಷರ ಇಳಿದು ಕೆಳಗಿನವರ ಹೆಸರಿನ ತಲೆ ಮೇಲೆ ಕೂರುತ್ತಿತ್ತು. ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು.

ನಾಗರಪಂಚಮಿಯಾಗಿ ಎರಡನೆಯ ದಿನ ಹುಚ್ಚವ್ವ ಎದೆನೋವು ಎಂದು ಕುಳಿತವಳು ಏಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆಯೇ ನಾನು ಪುಸ್ತಕ ತೆರೆದು, ಸಮಿತಿಯ ಹಿರಿಯ ಸದಸ್ಯೆಯ ಅಗಲಿಕೆಗೆ ತೀವ್ರ ಸಂತಾಪ ವ್ಯಕ್ತಪಡಿಸಿ, ಒಂದು ನಿಮಿಷ ಮೌನ ಆಚರಿಸಲಾಯಿತು ಎಂದು ಮೊದಲ ಖಾಲಿ ಹಾಳೆಯ ಮೇಲೆ ಶ್ರದ್ಧಾಂಜಲಿ ಠರಾವು ಬರೆದೆ. ಬರೆಯುವಾಗ ಕಣ್ಣಲ್ಲಿ ನೀರಿತ್ತು. ಇಲ್ಲದಿದ್ದರೂ ನಾನು ಸಹಿಗಳ ಕಡೆ ನೋಡುವವನಲ್ಲ. ನನ್ನ ಕಣ್ಣು ಹೋಗುವುದು ಮೇಲಿನ ಖಾಲಿ ಜಾಗದ ಕಡೆಗೆ.

ಅದಾಗಿ ಆರು ದಿನಕ್ಕೆ ಹೊಳೆ ಬಂತು. ಬೆಳಿಗ್ಗೆ ಎಂಟರ ಸುಮಾರಿಗೆ, ದಂಡೆಯ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಐದು ಮಂದಿ ಒಂದು ದಿಬ್ಬದ ಮೇಲೆ ಸಿಕ್ಕಿಕೊಂಡರು. ಸುತ್ತ ನೀರು ಏರುತ್ತಿತ್ತು. ಸಮಿತಿಯ ಮಿಕ್ಕವರು ಹೆಸರುಕಾಯಿ ಬಿಡಿಸಲು ದೂರದ ಎರೆ ಹೊಲಗಳಿಗೆ ಹೋಗಿದ್ದರು. ಊರಲ್ಲಿ ಉಳಿದವರು ನಾವು ಮೂವರೇ: ನಾನು, ಕಸ್ತೂರೆವ್ವ, ದೋಣಿಯ ಎಂಜಿನ್ ನೋಡಿಕೊಳ್ಳುವ ಟ್ರ್ಯಾಕ್ಟರ್ ಮೇಸ್ತ್ರಿ ಫಕೀರಸಾಬ. ಕಸ್ತೂರೆವ್ವ ಸೊಂಟದಿಂದ ಕೀಲಿಕೈ ತೆಗೆದು ನನ್ನ ಮುಖ ನೋಡಿದಳು, ತೆಗಿಯವ್ವಾ ಎಂದೆ, ತೆಗೆದಳು. ಹತ್ತೂವರೆಗೆ ಐದೂ ಮಂದಿ ದಂಡೆಗೆ ಬಂದು ಚಹಾ ಕುಡಿಯುತ್ತಿದ್ದರು. ನಾನು ಮನೆಗೆ ಹೋಗಿ ಎರಡನೆಯ ಹಾಳೆಯ ಮೇಲೆ, ಈ ದಿನ ಬೆಳಿಗ್ಗೆ ಎಂಟು ಗಂಟೆಗೆ ಒಂಬತ್ತೂ ಸದಸ್ಯರು ಸಭೆ ಸೇರಿ, ಕೂಲಂಕಷವಾಗಿ ಚರ್ಚಿಸಿ, ಗುದಾಮು ತೆರೆಯಲು ಸರ್ವಾನುಮತದಿಂದ ನಿರ್ಧರಿಸಿದರು ಎಂದು ಬರೆದೆ. ಎರಡೂ ಹಾಳೆಗಳ ಫೋಟೋ ಗದಗಿಗೆ ಹೋಯಿತು. ಅಲ್ಲಿ ಸಹಿಗಳನ್ನು ಎಣಿಸಿ, ಒಂಬತ್ತು ಇವೆ ಎಂದು ಇಟ್ಟುಕೊಂಡರು.

ದಸರೆ ಮುಗಿದ ಮೇಲೆ ವಿದ್ಯಾಶ್ರೀ ಬಂದು ಹೊಸ ಸುದ್ದಿ ಹೇಳಿದಳು. ಕಂದೀಲು ಸಂಸ್ಥೆ ವರ್ಷಕ್ಕೊಮ್ಮೆ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದಂತೆ. ಹೊರಗಿನ ಅಧಿಕಾರಿಗಳು ಬರುವುದಿಲ್ಲ. ಚೀಟಿ ಎತ್ತುತ್ತಾರೆ, ಹೆಸರು ಬಂದ ಊರಿನ ಪುಸ್ತಕವನ್ನು ಬೇರೆ ದೇಶದ ಸಮಿತಿಯವರು ಅನುವಾದ ಮಾಡಿಸಿ ಅಕ್ಷರ ಅಕ್ಷರ ಓದುತ್ತಾರೆ. ಈ ಸಲದ ಚೀಟಿಯಲ್ಲಿ ಕೊರ್ಲಹಳ್ಳಿ ಬಂದಿದೆ, ಇನ್ನು ಮೂರು ವಾರಕ್ಕೆ ಪುಸ್ತಕ ಕೊಡಬೇಕು. ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನ ಪುಸ್ತಕ ನೋಡಿ ಅವರು ಠರಾವು ಬರೆಯುವುದನ್ನು ಕಲಿಯಲಿ ಎಂದೂ ಅಂದೆ.

ಕೊಡುವ ಮೊದಲು ಅಧ್ಯಕ್ಷೆ ಒಮ್ಮೆ ಓದಬೇಕು ಎಂದು ನಿಯಮ. ಕಸ್ತೂರೆವ್ವ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು, ಬೆರಳಿಟ್ಟು ನಿಧಾನ ಓದುತ್ತಾಳೆ. ನಮ್ಮ ಕಟ್ಟೆಯ ಮೇಲೆ ಕುಳಿತು ಮಧ್ಯಾಹ್ನವೆಲ್ಲ ಓದಿದಳು. ಒಂದು ಹಾಳೆಯ ಮೇಲೆ ಅವಳ ಬೆರಳು ನಿಂತುಬಿಟ್ಟಿತು.

"ಅಣ್ಣಾರ, ಹುಚ್ಚವ್ವಕ್ಕ ತೀರಿಕೊಂಡಿದ್ದು ಯಾವತ್ತು?"

ಅಲ್ಲೇ ಬರೆದಿದೆಯಲ್ಲ, ಓದು ಎಂದೆ.

"ಬರದೈತ್ರಿ. ಆದ್ರ ತನ್ನ ಶ್ರದ್ಧಾಂಜಲಿಗೆ ಆಕಿನ ಸಹಿ ಮಾಡ್ಯಾಳಲ್ರಿ."

ಪುಸ್ತಕ ಕಸಿದುಕೊಂಡೆ. ಎರಡು ಸಾಲು ತುಂಬಿಕೊಂಡು, ಒತ್ತಕ್ಷರ ಇಳಿಬಿಟ್ಟುಕೊಂಡು, ಹುಚ್ಚವ್ವ ಅಲ್ಲಿ ಕುಳಿತಿದ್ದಳು. ಹಾಳೆ ತಿರುಗಿಸಿದೆ. ಹೊಳೆ ಬಂದ ದಿನದ ಸಭೆಗೂ ಬಂದಿದ್ದಳು. ನಾನು ಮೊದಲು ಮಾಡಿದ್ದು ಕಸ್ತೂರೆವ್ವನ ಮೇಲೆ ರೇಗಿದ್ದು. ಇಷ್ಟು ವರ್ಷ ಇಲ್ಲದ ಓದು ನಿನಗೆ ಇವತ್ತೇ ಯಾಕೆ ಬೇಕಿತ್ತು ಎಂದು ಕೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು.

ಮರುದಿನ ಫಕೀರಸಾಬ ಒಂದು ಉಪಾಯ ತಂದ. ಆ ಎರಡು ಹಾಳೆಗಳನ್ನು ಇಲಿ ತಿಂದಿತು ಎಂದುಬಿಡೋಣ, ಗುದಾಮಿನಲ್ಲಿ ಇಲಿಗಳಿಗೇನು ಬರ ಎಂದ. ಲೇ ಫಕೀರಾ, ಬರೀ ಎರಡು ಹಾಳೆ ತಿನ್ನುವ ಇಲಿ ಯಾವ ಶಾಲೆಯಲ್ಲಿ ಕಲಿತದ್ದೋ ಎಂದು ಅವನನ್ನು ಓಡಿಸಿದೆ. ಓಡಿಸಿದವನು ಅದೇ ಮಧ್ಯಾಹ್ನ ಬಸ್ಸು ಹತ್ತಿ ಮುಂಡರಗಿಗೆ ಹೋಗಿ ಅಂಥದೇ ರಟ್ಟಿನ ಪುಸ್ತಕ ಹುಡುಕಿದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಎರಡು ಅಂಗಡಿ ನೋಡಿದ ಮೇಲೆ ನೆನಪಾಯಿತು, ಕಂದೀಲಿನವರ ಪುಸ್ತಕದ ಪ್ರತಿ ಹಾಳೆಗೂ ನಂಬರು ಇದೆ, ಮೇಲೆ ಅವರ ಮುದ್ರೆ ಇದೆ, ಸಾಲದ್ದಕ್ಕೆ ಆ ಹಾಳೆಗಳ ಫೋಟೋ ಆಗಲೇ ಗದಗಿನಲ್ಲಿದೆ. ಕೈ ಬೀಸಿಕೊಂಡು ವಾಪಸ್ಸು ಬಂದೆ.

ಮನೆಗೆ ಬಂದರೆ ಕಸ್ತೂರೆವ್ವ ಪಡಸಾಲೆಯಲ್ಲಿ ಕುಳಿತಿದ್ದಾಳೆ, ಎದುರಿಗೆ ನನ್ನ ಹೆಂಡತಿ ಚನ್ನಮ್ಮ. ಮೊದಲ ಸಭೆಯಲ್ಲಿ ವಿದ್ಯಾಶ್ರೀ ಓದಿದ್ದ ನಿಯಮಗಳಲ್ಲಿ ಒಂದು ಕಸ್ತೂರೆವ್ವನಿಗೆ ನೆನಪಿತ್ತು. ತಪ್ಪನ್ನು ಬೇರೆಯವರು ಹಿಡಿದರೆ ಕೀಲಿಕೈ ಕೂಡಲೇ ಹೋಗುತ್ತದೆ. ತಪ್ಪು ಮಾಡಿದವನು ತಾನೇ ಮೊದಲು ಬರೆದುಕೊಟ್ಟರೆ ಪಂಚರು ಕೂತು ಮಾತು ಕೇಳುತ್ತಾರೆ, ಆಮೇಲೆ ತೀರ್ಮಾನ. ಬರೆದುಕೊಡಿ ಎಂದು ಅವಳ ಮಾತು. ಮೂವತ್ತೆಂಟು ವರ್ಷದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದವನು ನಾನು, ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಕೂಗಾಡಿದೆ. ಅವಳು ದನಿ ಏರಿಸಲಿಲ್ಲ.

"ನಿಮ್ಮ ಮಾನದ್ದು ನೀವು ನೋಡ್ಕೋರಿ. ಕೀಲಿಕೈ ಹೋದ್ರ ಮತ್ತ ಮಾಳಿಗಿ ಮ್ಯಾಲ ಕುಂಡ್ರಾಕ ನನ್ನ ಕಡಿಂದ ಆಗೂದಿಲ್ರಿ."

ಚನ್ನಮ್ಮ ಎದ್ದು ಹೋಗಿ ಪೆನ್ನು, ಹಾಳೆ ತಂದು ಮುಂದಿಟ್ಟಳು. ಬರೀರಿ, ಹೆಂಗಿದ್ರೂ ಅಕ್ಷರ ಚಂದ ಅದಾವ ಎಂದಳು. ಮದುವೆಯಾಗಿ ನಲವತ್ತು ವರ್ಷವಾದರೂ ಅವಳು ಯಾವಾಗ ಚೇಷ್ಟೆ ಮಾಡುತ್ತಾಳೆ, ಯಾವಾಗ ಖರೆ ಹೇಳುತ್ತಾಳೆ ನನಗೆ ತಿಳಿಯುವುದಿಲ್ಲ. ಬರೆದುಕೊಟ್ಟೆ. ಇಷ್ಟು ಕೆಟ್ಟ ಅಕ್ಷರದಲ್ಲಿ ನಾನು ಜನ್ಮದಲ್ಲಿ ಬರೆದಿರಲಿಲ್ಲ.

ಮುಂದಿನ ಇಪ್ಪತ್ತೆರಡು ದಿನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಓಣಿಯಲ್ಲಿ ಇಬ್ಬರು ಕೂಡಿ ನಕ್ಕರೆ ನನ್ನನ್ನೇ ಆಡಿಕೊಂಡು ನಕ್ಕರು ಅನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಮಾಡಿದವನಿಗೆ ನನ್ನ ಪರಿಚಯ ಇದ್ದಿರಬೇಕು. ಕೊನೆಗೆ ಕರೆ ಬಂತು, ನಾನು, ಕಸ್ತೂರೆವ್ವ, ಫಕೀರಸಾಬ ಮೂವರೂ ಗದಗಿಗೆ ಹೊರಟೆವು.

ಗದಗ ಕಚೇರಿಯಲ್ಲಿ ಮಧ್ಯಾಹ್ನ ಮೂರಕ್ಕೆ ಸಮಯ ಕೊಟ್ಟಿದ್ದರು. ನಾವು ಹೋದದ್ದು ಒಂದಕ್ಕೆ. ವಿದ್ಯಾಶ್ರೀ ಚಹಾ ತರಿಸಿ, ಹೆದರಬೇಡಿ ಎಂದು ತಮ್ಮ ಸಂಸ್ಥೆಯ ರೀತಿ ವಿವರಿಸಿದಳು. ಪಂಚರನ್ನು ನೇಮಿಸುವುದು ಮೇಲಿನ ಮಂಡಳಿ ಅಲ್ಲ. ನಲವತ್ತು ದೇಶದ ಸಮಿತಿಗಳ ಮಂದಿಯ ಹೆಸರು ಹಾಕಿ ಚೀಟಿ ಎತ್ತುತ್ತಾರೆ. ಮೂವರು ಪಂಚರಲ್ಲಿ ಇಬ್ಬರು ಒಂದಲ್ಲ ಒಂದು ಕಾಲಕ್ಕೆ ಕಂದೀಲಿನ ನೆರವು ತೆಗೆದುಕೊಂಡವರೇ ಇರಬೇಕು. ಅವರ ತೀರ್ಪನ್ನು ಗದಗಿನ ಮ್ಯಾನೇಜರು ಇರಲಿ, ಇಡೀ ಸಂಸ್ಥೆಯ ಅಧ್ಯಕ್ಷರೂ ತಿರುಗಿಸುವಂತಿಲ್ಲ. ಹೋದ ವರ್ಷ ಆ ದೊಡ್ಡ ಅಧ್ಯಕ್ಷರೇ ಪಂಚರ ಮುಂದೆ ಕೂರಬೇಕಾಯಿತಂತೆ. ಭೂಕಂಪವಾದಾಗ ಒಬ್ಬರೇ ಫೋನಿನಲ್ಲಿ ಅಪ್ಪಣೆ ಕೊಟ್ಟು, ಆಮೇಲೆ ಮಂಡಳಿಯವರೆಲ್ಲ ಸಭೆ ಸೇರಿದ್ದರು ಎಂದು ಬರೆಸಿದ್ದರಂತೆ. ಎಲ್ಲ ದೇಶದ ಸಮಿತಿಗಳಿಗೂ ತಪ್ಪಾಯಿತು ಎಂದು ಪತ್ರ ಕಳಿಸಿದರಂತೆ.

"ಅಲ್ಲೂ ಇದ ನಡಿತೈತೇನವಾ?" ಎಂದೆ.

ನಡೆದಿತ್ತು ಎಂದು ಅವಳು ನಕ್ಕಳು. ನನಗೆ ಅರ್ಧ ಜೀವ ಬಂತು. ದೊಡ್ಡವರು ಮಾಡಿದ ತಪ್ಪು ಕೇಳಿ ಇಷ್ಟು ಸಮಾಧಾನ ಪಡಬಾರದು, ಆದರೆ ಪಟ್ಟೆ.

ಮೂರಕ್ಕೆ ಕಂಪ್ಯೂಟರಿನ ಪರದೆಯ ಮೇಲೆ ಮೂರು ಮುಖ ಬಂದವು. ಒಬ್ಬರು ಐರ್ಲೆಂಡಿನ ಮುದುಕ ವಕೀಲರು. ಒಬ್ಬರು ನೇಪಾಳದ ಬೆಟ್ಟದ ಊರಿನ ಶಾಲಾ ಮಾಸ್ತರು. ಇನ್ನೊಬ್ಬಳು ಮೊಜಾಂಬಿಕ್ ದೇಶದ ಸಮುದ್ರ ದಂಡೆಯ ಮೀನುಗಾರ ಹೆಂಗಸು, ತಲೆಗೆ ಹಳದಿ ಬಟ್ಟೆ ಕಟ್ಟಿಕೊಂಡಿದ್ದಳು. ಅವಳ ಮಾತು ಮೊದಲು ಇಂಗ್ಲಿಷಿಗೆ, ಆಮೇಲೆ ವಿದ್ಯಾಶ್ರೀಯ ಬಾಯಲ್ಲಿ ಕನ್ನಡಕ್ಕೆ ಬರಬೇಕು. ಅವಳ ತುಟಿ ಅಲುಗಿ ನಿಂತು ಎಷ್ಟೋ ಹೊತ್ತಿನ ಮೇಲೆ ಪ್ರಶ್ನೆ ನನ್ನನ್ನು ಮುಟ್ಟುತ್ತಿತ್ತು. ಆ ನಡುವಿನ ಹೊತ್ತೇ ದೊಡ್ಡ ಶಿಕ್ಷೆ.

ಸತ್ತವಳ ಸಹಿಯ ಬಗ್ಗೆ ಕೇಳುತ್ತಾರೆ ಎಂದು ನಾನು ಉತ್ತರ ಕಟ್ಟಿಕೊಂಡು ಹೋಗಿದ್ದೆ. ಆ ಹೆಂಗಸು ಕೇಳಿದ್ದೇ ಬೇರೆ. ನೀರು ಬಂದಾಗ ಬಾಗಿಲು ತೆರೆಯೋಣ ಎಂದು ನಿಜವಾಗಿ ತೀರ್ಮಾನಿಸಿದವರು ಯಾರು ಎಂದಳು. ನಾವು ಮೂವರು ಎಂದೆ. ಎಷ್ಟು ಹೊತ್ತು ಹಿಡಿಯಿತು ಎಂದಳು. ಎರಡು ನಿಮಿಷವೂ ಇಲ್ಲ ಎಂದೆ. ತೀರ್ಮಾನ ಸರಿಯಾಗಿತ್ತೇ ಎಂದಳು. ಐದು ಮಂದಿ ಬದುಕಿದರು ಎಂದೆ. ಹಾಗಾದರೆ ಇಷ್ಟು ಒಳ್ಳೆಯ ಕೆಲಸದ ಬಗ್ಗೆ ಸುಳ್ಳು ಯಾಕೆ ಬರೆದೆ ಎಂದು ಕೇಳಿದಳು.

ಕಟ್ಟಿಕೊಂಡು ಹೋಗಿದ್ದ ಉತ್ತರವೆಲ್ಲ ಬಿಚ್ಚಿಹೋಯಿತು. "ಐದು ಮಂದಿ ಕೂಡದ ಬಾಗಲಾ ತಗದೀವಿ ಅಂತ ಬರದ್ರ ಕೀಲಿಕೈ ಹೋಗ್ತಿತ್ರಿ" ಎಂದೆ. "ಖರೆ ಬರಿಯಾಕ ಅಂಜಿಕಿ ಬಂತು."

ವಿದ್ಯಾಶ್ರೀ ಅದನ್ನು ಹೇಳಿದಳು, ಇನ್ನೊಬ್ಬ ಅನುವಾದಕರು ಅದನ್ನು ಮತ್ತೆ ಹೇಳಿದರು, ಆ ಹೆಂಗಸು ಕೇಳಿ ತಲೆಯಾಡಿಸಿದಳು. ತಮ್ಮ ಊರಿನಲ್ಲೂ ಅದೇ ನಿಯಮ, ಅದೇ ಅಂಜಿಕೆ, ಚಂಡಮಾರುತಕ್ಕೆ ಐದು ಮಂದಿ ಕೂಡುವವರೆಗೆ ಕಾಯುವ ಪುರಸೊತ್ತಿಲ್ಲ ಎಂದಳು. ಐರ್ಲೆಂಡಿನವರು ಏನೋ ಬರೆದುಕೊಂಡರು. ಮುಗಿಯಿತು, ಗೆದ್ದೆ ಎಂದು ಬೆನ್ನು ಸಡಿಲಿಸಿದೆ.

ಆಗ ನೇಪಾಳದ ಮಾಸ್ತರರು ಕಸ್ತೂರೆವ್ವನ ಕಡೆ ತಿರುಗಿದರು. ಇಷ್ಟು ವರ್ಷ ಸಹಿ ಮಾಡಿದ್ದೀರಿ, ಏನಕ್ಕೆ ಸಹಿ ಮಾಡುತ್ತಿದ್ದೇನೆ ಎಂದು ಗೊತ್ತಿತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ, ಬರೀ ಹಾಳೆ ಇರುತ್ತಿತ್ತು, ಅಣ್ಣನವರ ಮೇಲೆ ನಂಬಿಕೆ ಇತ್ತು ಎಂದಳು. ನನಗೆ ಹೆಮ್ಮೆಯಾಯಿತು. ಮಾಸ್ತರರು ಬಿಡಲಿಲ್ಲ. ನಿಮ್ಮ ಸಹಿಯ ಮೇಲೆ ನೀವು ಒಪ್ಪದ ಮಾತು ಯಾವುದಾದರೂ ಇದೆಯೇ ಎಂದರು. ಕಸ್ತೂರೆವ್ವ ತನ್ನ ಬಳೆ ತಿರುಗಿಸುತ್ತಾ ಹೇಳಿದಳು.

"ಒಂದೈತ್ರಿ. ನೀರಿನ ಘಟಕದ್ದು."

ಅದೊಂದು ವಿಷಯವೇ ಎಂದು ನಾನು ಮರೆತೇಬಿಟ್ಟಿದ್ದೆ. ಮೂರು ವರ್ಷದ ಹಿಂದೆ ಕಂದೀಲಿನವರು ಕುಡಿಯುವ ನೀರು ಶುದ್ಧ ಮಾಡುವ ಒಂದು ಘಟಕ ಕೊಟ್ಟಿದ್ದರು. ಎಲ್ಲಿ ಕೂರಿಸಬೇಕು ಎಂಬುದನ್ನು ಸಮಿತಿಯೇ ಹೇಳಬೇಕಿತ್ತು. ಆಗಲೂ ಸುಗ್ಗಿ, ಆಗಲೂ ನನ್ನ ಹತ್ತಿರ ಸಹಿಯಾದ ಖಾಲಿ ಹಾಳೆ ಇತ್ತು. ಮೇಲಿನ ಓಣಿಯಲ್ಲಿ, ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂರಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು ಎಂದು ಬರೆದೆ. ಕರೆಂಟಿನ ಕಂಬ ಹತ್ತಿರ ಇತ್ತು, ಲಾರಿ ತಿರುಗಲು ಜಾಗ ಇತ್ತು. ಕೆಳಗಿನ ಓಣಿಯ ಹೆಂಗಸರು ಅಂದಿನಿಂದ ಕೊಡ ಹೊತ್ತು ದಿನ್ನೆ ಹತ್ತಿ ಇಳಿಯುತ್ತಿದ್ದಾರೆ ಎಂದು ಕಸ್ತೂರೆವ್ವ ಪಂಚರಿಗೆ ಹೇಳಿದಳು. ಹುಚ್ಚವ್ವಕ್ಕ ನಡುವೆ ಎರಡು ಕಡೆ ಕುಳಿತು ಹೋಗುತ್ತಿದ್ದಳು ಎಂದಳು. ನೀರು ಕೆಳಗಿನ ಓಣಿಗೆ ನುಗ್ಗಿದ್ದಕ್ಕೆ ತಾನೇ ಈ ಸಂಸ್ಥೆ ಬಂದದ್ದು ಎಂದಳು.

ನನಗೆ ಮೊದಲು ಬಂದದ್ದು ಸಿಟ್ಟು. ಪಂಚರನ್ನು ಮರೆತು ಅವಳ ಕಡೆ ತಿರುಗಿ, "ಒಮ್ಮೆರ ನನಗ ಹೇಳಬಾರದಿತ್ತೇನವಾ?" ಎಂದೆ.

"ಹೇಳೂದರೊಳಗ ಸಹಿ ಆಗಿತ್ತಲ್ರಿ ಅಣ್ಣಾರ."

ವಿದ್ಯಾಶ್ರೀ ಇದನ್ನು ಅನುವಾದ ಮಾಡಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಮಾಡವಾ ಎಂದೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ದಿನಾ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಕುಳಿತು ಪೇಪರ್ ಓದುವಾಗ ಹುಚ್ಚವ್ವ ಕೊಡ ಇಳಿಸಿ ಸುಧಾರಿಸಿಕೊಳ್ಳುವುದನ್ನು ನೋಡಿದ್ದೆ. ವಯಸ್ಸಾಯಿತು ಪಾಪ ಎಂದುಕೊಂಡಿದ್ದೆ. ಆ ದಿನ್ನೆಯನ್ನು ಅವಳ ತಲೆಗೆ ಕಟ್ಟಿದ್ದು ನನ್ನ ಚಂದದ ಅಕ್ಷರ ಎಂದು ಒಮ್ಮೆಯೂ ಹೊಳೆಯಲಿಲ್ಲ. ಕೀಲಿಕೈ ಇನ್ನು ಉಳಿಯುವುದಿಲ್ಲ ಎಂದು ಖಾತ್ರಿಯಾಯಿತು. ಉಳಿಯಬಾರದೇನೋ ಎಂದೂ ಒಂದು ಗಳಿಗೆ ಅನ್ನಿಸಿತು.

ಪಂಚರು ಅರ್ಧ ಗಂಟೆ ಪರದೆಯಿಂದ ಮರೆಯಾದರು. ಫಕೀರಸಾಬ ಬಾಯಲ್ಲಿ ಏನೋ ಪಠಿಸುತ್ತಿದ್ದ. ಕಸ್ತೂರೆವ್ವನ ಸೊಂಟದಲ್ಲಿ ಕೀಲಿಕೈ ಇತ್ತು, ಒಪ್ಪಿಸಬೇಕಾಗಿ ಬಂದರೆ ಇರಲಿ ಎಂದು ತಂದಿದ್ದಳು. ಅದರ ಮೇಲೆ ಕೈ ಇಟ್ಟುಕೊಂಡೇ ಇದ್ದಳು.

ಮತ್ತೆ ಬಂದಾಗ ತೀರ್ಪು ಓದಿದವರು ಐರ್ಲೆಂಡಿನವರು. ಕೀಲಿಕೈ ಕೊರ್ಲಹಳ್ಳಿಯಲ್ಲೇ ಇರಲಿ, ಯಾಕೆಂದರೆ ಬಾಗಿಲು ತೆರೆದ ಕೆಲಸ ಖರೆಯದು, ತಪ್ಪನ್ನು ತಾವೇ ಬಂದು ಹೇಳಿದ್ದಾರೆ. ಐದು ಮಂದಿ ಕೂಡಿದ ಮೇಲೆಯೇ ತೆರೆಯಬೇಕು ಎಂಬ ನಿಯಮ ನೀರಿನ ದಂಡೆಯ ಊರುಗಳಿಗೆ ಒಗ್ಗುವುದಿಲ್ಲ. ಇದ್ದವರು ತೆರೆಯಲಿ, ಮೂರು ದಿನದೊಳಗೆ ನಡೆದದ್ದನ್ನು ನಡೆದ ಹಾಗೆ ಬರೆಯಲಿ ಎಂಬ ತಿದ್ದುಪಡಿಯನ್ನು, ಎಲ್ಲ ದೇಶಗಳಿಗೂ ಒಂದೊಂದೇ ಮತ ಇರುವ ಮಹಾಸಭೆಗೆ ಕೊರ್ಲಹಳ್ಳಿಯ ಹೆಸರಿನಲ್ಲೇ ಕಳಿಸುತ್ತೇವೆ. ಸೆಕ್ರೆಟರಿ ಒಂದು ವರ್ಷ ಪೆನ್ನು ಮುಟ್ಟಬಾರದು, ಸದಸ್ಯನಾಗಿ ಇರಬಹುದು. ನೀರಿನ ಘಟಕದ ವಿಷಯವನ್ನು ಊರು ಮತ್ತೆ ಸಭೆ ಸೇರಿ, ಕೈ ಎತ್ತಿ, ತೀರ್ಮಾನಿಸಬೇಕು.

ವಿದ್ಯಾಶ್ರೀ ಮೊದಲ ಸಾಲನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆಯೇ ಕಸ್ತೂರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಪರದೆಯ ಮೇಲೆ ಆ ಮೀನುಗಾರ ಹೆಂಗಸೂ ಕಣ್ಣೊರೆಸಿಕೊಂಡಳು, ಅವಳಿಗೆ ಅನುವಾದ ಬೇಕಾಗಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ನನಗೆ ದೊಣ್ಣೆ ತಪ್ಪಲಿಲ್ಲ, ಬಿತ್ತು, ಆದರೆ ಎಲ್ಲಿ ಬೀಳಬೇಕೋ ಅಲ್ಲಿ ಮಾತ್ರ ಬಿತ್ತು. ಗದಗ ಬಸ್‌ಸ್ಟ್ಯಾಂಡಿನಲ್ಲಿ ಮೂವರೂ ಮಿರ್ಚಿ ಭಜಿ ತಿಂದೆವು. ನಾನೊಬ್ಬನೇ ಒಂಬತ್ತು ತಿಂದೆ. ಬಸ್ಸಿನಲ್ಲಿ ಕುಳಿತವನಿಗೆ ಡಂಬಳದ ಕಡೆ ಬಸ್ಸು ಹೊರಳಿದ್ದು ಗೊತ್ತಿಲ್ಲ, ಮುಂಡರಗಿಯಲ್ಲಿ ಫಕೀರಸಾಬ ಭುಜ ಹಿಡಿದು ಅಲುಗಿಸಿದಾಗಲೇ ಎಚ್ಚರ. ಎಷ್ಟೋ ದಿನದ ಮೇಲೆ ಬಂದ ನಿದ್ದೆ ಅದು.

ಮುಂದಿನ ಸಭೆ ಕೆಳಗಿನ ಓಣಿಯಲ್ಲಿ, ಹುಚ್ಚವ್ವನ ಮನೆಯ ಮುಂದೆ ಸೇರಿತು. ಅವಳ ಜಾಗಕ್ಕೆ ಬಂದಿದ್ದ ಸೊಸೆ ರೋಜಾಳನ್ನು ಸೆಕ್ರೆಟರಿ ಮಾಡಿದರು. ಅವಳು ಬರೆಯುವುದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು, ಸಾಲುಗಳು ಬೆಟ್ಟ ಹತ್ತಿ ಇಳಿಯುತ್ತಿದ್ದವು. ಆದರೆ ಯಾರು ಏನು ಅಂದರು ಎಂಬುದನ್ನು ಅಂದ ಹಾಗೇ ಬರೆದಳು. ಘಟಕವನ್ನು ಕೆಳಗಿನ ಓಣಿಗೆ ತರುವ ಮಾತು ಬಂತು. ಎಲ್ಲರೂ ಹಳೆಯ ರೂಢಿಯಂತೆ, ಆತು ಬರಕೋವಾ ಎಂದು ಏಳಲು ಹೋದರು. ಕಸ್ತೂರೆವ್ವ ಬಿಡಲಿಲ್ಲ, ಕೈ ಎತ್ತಿ, ಎಣಿಸಬೇಕು ಎಂದಳು. ಎಂಟು ಕೈ ಎದ್ದವು. ಎಲ್ಲರೂ ನನ್ನ ಕಡೆ ನೋಡಿದರು. ಕೈ ಎತ್ತಿದೆ. ರೋಜಾ ಬರೆದು ಮುಗಿಸುವವರೆಗೆ ಮುಕ್ಕಾಲು ಗಂಟೆ ಕುಳಿತೆ, ಪೂರ್ತಿ ಓದಿದೆ, ಆಮೇಲೆ ಸಹಿ ಮಾಡಿದೆ.

ಮನೆಗೆ ಬಂದು, ಇನ್ನು ಮೇಲೆ ಕುಡಿಯುವ ನೀರಿಗೆ ಕೆಳಗಿನ ಓಣಿಗೆ ಹೋಗಬೇಕು ಎಂದು ಚನ್ನಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಾ ಯಾಕ ಹೋಗ್ಲಿ? ನನ್ನ ಯಾರೂ ಕೇಳಿಲ್ಲ. ಕೈ ಎತ್ತಿದವ್ರು ನೀವು."

ಸಂಕ್ರಾಂತಿಯ ಹೊತ್ತಿಗೆ ಘಟಕ ಕೆಳಗಿಳಿಯಿತು. ಮೊದಲ ದಿನವೇ ಎರಡು ಕೊಡ ಹಿಡಿದುಕೊಂಡು ಹೋದೆ. ದಿನ್ನೆ ಇಳಿಯುವಾಗ ಏನೂ ಅನ್ನಿಸಲಿಲ್ಲ, ತುಂಬಿದ ಕೊಡದೊಂದಿಗೆ ಹತ್ತುವುದನ್ನು ನೆನೆದು ಮಾತ್ರ ಮೊಣಕಾಲು ಆಗಲೇ ನೋಯತೊಡಗಿತು. ಹಿರಿಯ ಮನುಷ್ಯ, ಅದರಲ್ಲೂ ಗಂಡಸು, ಮುಂದೆ ಬಿಟ್ಟಾರು ಎಂದುಕೊಂಡು ನೇರ ನಳದ ಹತ್ತಿರ ಹೋಗಿ ನಿಂತೆ. ಕಸ್ತೂರೆವ್ವ ತನ್ನ ಕೊಡ ತುಂಬಿಸಿಕೊಳ್ಳುತ್ತಿದ್ದಳು. ನಗುತ್ತಲೇ ತಲೆ ಎತ್ತಿದಳು.

"ಪಾಳಿ ಹಚ್ರಿ ಅಣ್ಣಾರ."

ಹಿಂದೆ ಹೋಗಿ ನಿಂತೆ. ನನ್ನ ಮುಂದೆ ಹನ್ನೊಂದು ಕೊಡಗಳಿದ್ದವು.